ಕಂಬಣ್ಣನ ಸಿಂಹಾಸನ

ಕಂಬಣ್ಣನ ಸ್ಟೂಲು ಕಾಣೆಯಾಯಿತು. ಆ ದಿನದ ಎಲ್ಲ ತಾಪತ್ರಯಕ್ಕೂ ಅದೇ ಮೂಲ. ಅದು ಇದ್ದಲ್ಲೇ ಇದ್ದಿದ್ದರೆ ಗುಡ್ಡ ಕುಸಿಯುತ್ತಿರಲಿಲ್ಲ, ನ್ಯಾಯಕ್ಕೆ ಸಭೆ ಸೇರುತ್ತಿರಲಿಲ್ಲ, ಹಾಡುಹಗಲಲ್ಲಿ ಬೀದಿಗೆ ಅಡ್ಡಲಾಗಿ ಮೆರವಣಿಗೆ ಹೊರಡುತ್ತಿರಲಿಲ್ಲ. ಒಂದು ಹಳೇ ಸ್ಟೂಲಿನಿಂದ ಇಷ್ಟೆಲ್ಲ ಆದೀತೆಂದು ಅದನ್ನು ಮಾಡಿದ ಬಡಗಿಯೂ ಅಂದುಕೊಂಡಿರಲಾರ.

ಕಂಬಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆತ ಒಂದು ಕಲಾ ಗ್ಯಾಲರಿಯ ಕಾವಲುಗಾರ. ಚಿತ್ರಗಳ ಕಡೆ ಚಾಚುವ ಕೈಗಳಿಗೆ ‘ದಯವಿಟ್ಟು ಮುಟ್ಟಬೇಡಿ’ ಎನ್ನುವುದೇ ಅವನ ಉದ್ಯೋಗ. ಬೆಳಿಗ್ಗೆಯಿಂದ ಸಂಜೆಯವರೆಗೂ ದೊಡ್ಡ ಕೋಣೆಯ ಮೂಲೆಯ ಕಂಬಕ್ಕೆ ಒರಗಿಕೊಂಡೇ ಇರುತ್ತಿದ್ದುದರಿಂದ, ಕಂಬ ಯಾವುದು ಅಣ್ಣ ಯಾವುದು ಎಂದು ತಿಳಿಯದೆ ಜೊತೆಯವರು ಎರಡನ್ನೂ ಸೇರಿಸಿ ಕರೆಯತೊಡಗಿದ್ದರು. ಈಗ ಅವನ ಹೆಂಡತಿಗೂ ನಿಜವಾದ ಹೆಸರು ಹೇಳಬೇಕಾದರೆ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಆ ಕಂಬದ ಬುಡದಲ್ಲಿತ್ತು ಸ್ಟೂಲು. ಮೂರು ಕಾಲು ಸರಿಯಾಗಿದ್ದು ನಾಲ್ಕನೆಯದು ಗಿಡ್ಡ. ಅದರಡಿ ಒಂದು ರಟ್ಟಿನ ಚೂರು ಮಡಚಿ ಒತ್ತು ಕೊಟ್ಟಿದ್ದ. ಕಾವಲಿನವರು ಕೂರುವ ಹಾಗಿಲ್ಲ ಎಂಬುದು ಗ್ಯಾಲರಿಯ ನಿಯಮ. ಆದರೆ ಜನ ಇಲ್ಲದಾಗ ಕೂರುವುದು, ಹೆಜ್ಜೆ ಸಪ್ಪಳ ಕೇಳಿದರೆ ಏಳುವುದು ಎಂದು ಅವನಿಗೂ ನಿಯಮಕ್ಕೂ ಬಹಳ ಕಾಲದಿಂದ ಒಂದು ಒಳ ಒಪ್ಪಂದವಿತ್ತು. ಚಿತ್ರ ನೋಡಲು ಜನ ಬರುವುದೇ ಅಪರೂಪವಾದ್ದರಿಂದ ಅವನು ಏಳುವುದೂ ಅಪರೂಪವೇ ಆಗಿತ್ತು.

ಅಂದು ‘ನಾಳೆಯ ಊರು’ ಎಂಬ ಹೊಸ ಪ್ರದರ್ಶನದ ಮೊದಲ ದಿನ. ಹಿಂದಿನ ದಿನ ಅವನಿಗೆ ವಾರದ ರಜೆ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಬಂದವನು ದೊಡ್ಡ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಒಂದು ದಿನದೊಳಗೆ ಕೋಣೆ ಹೋಗಿ ಊರಾಗಿತ್ತು.

ನೆಲದ ತುಂಬ ಕಾಗದ, ರಟ್ಟು, ತೆಳು ಹಲಗೆಗಳಲ್ಲಿ ಕಟ್ಟಿದ ಊರು. ಮೊಣಕಾಲೆತ್ತರದ ಮನೆಗಳು, ಒಂದರ ಬಾಗಿಲಿಗೂ ಚಿಲಕವಿಲ್ಲ. ಮೇಲಿನಿಂದ ಬಟ್ಟೆಯ ಮೋಡಗಳು ಇಳಿಬಿದ್ದಿದ್ದವು. ಬೆಳಗೂ ಅಲ್ಲದ ಸಂಜೆಯೂ ಅಲ್ಲದ ಒಂದು ನೀಲಿ ಬೆಳಕು. ಎಲ್ಲಿಂದಲೋ ಹತ್ತಾರು ಹೆಂಗಸರು ಒಟ್ಟಾಗಿ ಗುನುಗುವ ದನಿ ಬರುತ್ತಿತ್ತು, ಮಾತಿಲ್ಲದ ಹಾಡು, ಮಗುವನ್ನು ಮಲಗಿಸುವಾಗ ತಾಯಿಗೇ ನಿದ್ದೆ ಹತ್ತಿದರೆ ಬರುತ್ತದಲ್ಲ ಅಂಥದ್ದು. ಬೀದಿಗಳಲ್ಲಿ ಬೆರಳುದ್ದದ ಜನ. ಬಸ್ಸು ಓಡಿಸುವವಳು ಹೆಂಗಸು, ಸೇತುವೆ ಕಟ್ಟುವವರು ಹೆಂಗಸರು. ಊರಿನ ಮುಖ್ಯಸ್ಥೆ ತೋಳು ಮೇಲೇರಿಸಿಕೊಂಡು ಕಾಲುವೆಯ ಹೂಳು ತೆಗೆಯುತ್ತಿದ್ದಳು. ಗಂಡಸರೂ ಇದ್ದರು. ಒಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ಇನ್ನೊಬ್ಬ ಬಟ್ಟೆ ಒಣಹಾಕುತ್ತಿದ್ದ. ಯಾರ ಮುಖದಲ್ಲೂ ಬೇಜಾರಿದ್ದಂತೆ ಕಾಣಲಿಲ್ಲ. ಊರಿನ ಅಂಚಿಗೆ, ಕಂಬಣ್ಣನ ಕಂಬದಿಂದ ಎರಡೇ ಹೆಜ್ಜೆಯಲ್ಲಿ, ಒಂದು ಹಸಿರು ಗುಡ್ಡ, ಅದರ ನೆತ್ತಿಯಲ್ಲಿ ಹುಡುಗಿಯರು ನಕ್ಷತ್ರ ನೋಡುವ ಪುಟ್ಟ ಗೋಪುರ.

ಕಂಬಣ್ಣನಿಗೆ ಊರು ಹಿಡಿಸಿತು. ಅಲ್ಲಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಬೇಕು ಅನ್ನಿಸುವಷ್ಟು ಹಿಡಿಸಿತು. ಅದೇ ಗುಂಗಿನಲ್ಲಿ ತನ್ನ ಮೂಲೆಗೆ ಹೋಗಿ, ಹಿಂದೆ ನೋಡದೆ, ರೂಢಿಯಂತೆ ಕುಳಿತ. ಕೂತದ್ದು ನೆಲದ ಮೇಲೆ.

ಸೊಂಟ ನೀವಿಕೊಳ್ಳುತ್ತ ಎದ್ದು ಸುತ್ತ ನೋಡಿದಾಗ ಸ್ಟೂಲು ಕಣ್ಣಿಗೆ ಬಿತ್ತು. ಊರಿನ ನಟ್ಟನಡುವೆ ಬಿಳಿ ಕಟ್ಟೆಯ ಮೇಲೆ, ಬಂಗಾರದ ಬಣ್ಣದ ದೀಪದಡಿ, ರಟ್ಟಿನ ಒತ್ತಿನ ಸಮೇತ ಕುಳಿತಿತ್ತು. ಪಕ್ಕದಲ್ಲಿ ಒಂದು ಚೀಟಿ: ‘ಹಳೆಯ ಕಾಲದ ಸಿಂಹಾಸನ. ಗಂಡಸರು ಇದರ ಮೇಲೆ ಕೂತು ಲೋಕಕ್ಕೆ ಆಜ್ಞೆ ಮಾಡುತ್ತಿದ್ದರು. ಈಗ ಯಾರಿಗೂ ಬೇಡವಾಗಿದೆ.’

ಕಂಬಣ್ಣ ಚೀಟಿಯನ್ನು ಮತ್ತೊಮ್ಮೆ ಓದಿದ. ಆ ಸ್ಟೂಲಿನ ಮೇಲೆ ಕೂತು ತಾನು ಇಷ್ಟು ಕಾಲ ಲೋಕಕ್ಕೆ ಮಾಡಿದ ಆಜ್ಞೆ ‘ದಯವಿಟ್ಟು ಮುಟ್ಟಬೇಡಿ’ ಒಂದೇ. ಅದನ್ನೂ ಎದ್ದು ನಿಂತೇ ಹೇಳಿದ್ದ.

ಅವನು ಸೀದಾ ಮ್ಯಾನೇಜರರ ಕೋಣೆಗೆ ಹೋದ. ಮ್ಯಾನೇಜರರು ಕೆಟ್ಟವರಲ್ಲ. ಕಲಾವಿದರು ಏನು ಹೇಳಿದರೂ ತಲೆಯಾಡಿಸುವುದು ಅವರ ಕೆಲಸವಾಗಿತ್ತು, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದರು. ಕಲಾವಿದೆ ನಿನ್ನೆ ಇಡೀ ಗ್ಯಾಲರಿ ಸುತ್ತಿ ಆ ಸ್ಟೂಲನ್ನು ಕಂಡು ಕಣ್ಣು ತುಂಬಿಕೊಂಡರಂತೆ. ಇಂಥದ್ದಕ್ಕಾಗಿ ಎಷ್ಟೋ ಊರು ಹುಡುಕಿದ್ದೆ ಎಂದರಂತೆ.

“ಅದು ನನ್ ಸ್ಟೂಲು ಸಾರ್,” ಎಂದ ಕಂಬಣ್ಣ.

“ಕಾವಲಿನವರಿಗೆ ಸ್ಟೂಲೇ ಇಲ್ವಲ್ಲಪ್ಪ ನಮ್ಮಲ್ಲಿ. ಅವರು ಕೂರೋ ಹಾಗಿಲ್ಲ,” ಎಂದರು ಮ್ಯಾನೇಜರರು ಬಹಳ ಮೃದುವಾಗಿ. “ಇಲ್ಲದ ಸ್ಟೂಲು ಕಳೆದುಹೋಗೋದು ಹೇಗೆ?”

ಕಂಬಣ್ಣ ಬಾಗಿಲು ಎಳೆದುಕೊಂಡು ನಡೆದ. ಹೊರಗೆ ಬಂದಾಗ ಟಿಕೆಟ್ ಕಿಟಕಿಯ ಅಕ್ಕ ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ಗ್ಯಾಲರಿಯ ಯಾವ ಗುಟ್ಟೂ ಅವಳಿಗೆ ತಿಳಿಯದೆ ಕಿಟಕಿ ದಾಟುತ್ತಿರಲಿಲ್ಲ. ತಾನು ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತೇ, ನಿಂತರೆ ಆರೋಗ್ಯಕ್ಕೆ ಒಳ್ಳೆಯದು, ರಕ್ತ ಚೆನ್ನಾಗಿ ಓಡಾಡುತ್ತದೆ ಎಂದು ಸಮಾಧಾನ ಹೇಳಿದಳು. ಕುರ್ಚಿ ಬಿಟ್ಟುಕೊಡದವರು ಬುದ್ಧಿ ಕೊಡುತ್ತಾರೆ.

ಉದ್ಘಾಟನೆ ಸರಳವಾಗಿ ಮುಗಿಯಿತು. ಕಲಾವಿದೆ ತೆಳ್ಳಗಿನ ಹೆಂಗಸು, ಬೆರಳ ತುದಿಗಳಲ್ಲಿ ಬಣ್ಣ, ದನಿಯಲ್ಲಿ ನಿದ್ದೆಯ ಮಂಪರು. ನಾಳೆಯ ಊರಿನಲ್ಲಿ ಅರ್ಧ ವಾಸ ಮಾಡುವವಳಾದ್ದರಿಂದ ಎದುರಿಗಿದ್ದವರನ್ನು ಅವಳು ಹಳೇ ಫೋಟೋ ನೋಡುವ ಹಾಗೆ ಪ್ರೀತಿಯಿಂದ ನೋಡುತ್ತಿದ್ದಳು. ಸಿಂಹಾಸನದ ಸುತ್ತ ದುಂಡಗೆ ಹಾಕಿದ ದಪ್ಪ ಮೆತ್ತೆಗಳನ್ನು ತೋರಿಸಿ, ಇದು ಊರಿನ ಸಭೆ ಎಂದಳು. ಊರಿನಲ್ಲಿ ಏನಾದರೂ ತಕರಾರು ಎದ್ದಾಗ ಆ ಮೆತ್ತೆಗಳ ಮೇಲೆ ಯಾವ ಹೆಂಗಸರು ಕೂತಿರುತ್ತಾರೋ ಅವರೇ ಊರಿನ ಹಿರಿಯರು. ಈ ಊರಿನ ಬಗ್ಗೆ, ಇಲ್ಲಿರುವ ಯಾವುದೇ ವಸ್ತುವಿನ ಬಗ್ಗೆ ಅವರು ಏನು ತೀರ್ಮಾನಿಸಿದರೂ ಅದು ಅಂದೇ ನಡೆಯಬೇಕು.

“ನಡೀದೇ ಹೋದ್ರೆ ಇದು ಬರೀ ರಟ್ಟು,” ಎಂದಳು ಕಲಾವಿದೆ. ಮ್ಯಾನೇಜರರು ತಲೆಯಾಡಿಸಿದರು.

ಬಂದವರು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಹೊರಟುಹೋದರು. ಕೋಣೆಯಲ್ಲಿ ಕಂಬಣ್ಣ, ನೀಲಿ ಬೆಳಕು, ಗುನುಗು ಮಾತ್ರ ಉಳಿದವು. ಅಂಗಾಲು ಉರಿಯತೊಡಗಿತು. ಮೆತ್ತೆಯ ಮೇಲೆ ಕೂರೋಣವೆಂದರೆ ಅದು ಹೆಂಗಸರ ಸಭೆ. ನೆಲದ ಮೇಲೆ ಕೂರೋಣವೆಂದರೆ ಹೆಜ್ಜೆ ಸಪ್ಪಳ ಕೇಳಿದಾಗ ಬೇಗ ಏಳಲಾಗದು. ತನ್ನದೇ ಸ್ಟೂಲು ದೀಪದ ಕೆಳಗೆ ಕುಳಿತು ವಿಶ್ರಾಂತಿ ತೆಗೆದುಕೊಳ್ಳುವುದನ್ನು ನಿಂತುಕೊಂಡು ಕಾಯುವ ಸ್ಥಿತಿ ಬಂತಲ್ಲ ಎಂದು ಅವನಿಗೆ ಅಳು ಬರುವಂತಾಯಿತು.

ಆಗ ದೀಪದ ಮಾವ ಬಂದರು. ಗ್ಯಾಲರಿಯ ದೀಪ, ತಂತಿ, ಸ್ವಿಚ್ಚುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ವಯಸ್ಸಿಗೆ ಎಲ್ಲರೂ ಮಾವ ಎನ್ನುತ್ತಿದ್ದರು. ಕತೆ ಕೇಳಿ ಮಾವ ಆ ಕಡೆ ಈ ಕಡೆ ನೋಡಿದರು.

“ಯಾರೂ ಇಲ್ವಲ್ಲೋ. ಎರಡು ನಿಮಿಷ ಕೂತು ಎದ್ದರೆ ಸಿಂಹಾಸನ ಸವೆದುಹೋಗುತ್ತಾ?”

ಕಂಬಣ್ಣ ಬೂಟು ಬಿಚ್ಚಿ, ಕಾಲುವೆ ದಾಟಿ, ಕಟ್ಟೆ ಹತ್ತಿ ಕುಳಿತ. ಕೂತು ಕೂತು ಸ್ಟೂಲಿನಲ್ಲಿ ಬಿದ್ದಿದ್ದ ಹಳೆಯ ತಗ್ಗು ಅವನನ್ನು ಗುರುತು ಹಿಡಿದು ಒಳಗೆ ಕರೆದುಕೊಂಡಿತು. ಹಾ, ಎಂದು ಒಂದು ಉಸಿರು ಬಿಟ್ಟ. ಅದೇ ಕ್ಷಣಕ್ಕೆ ಊರಿನ ಎಲ್ಲ ಮನೆಗಳ ಎಲ್ಲ ಕಿಟಕಿಗಳಲ್ಲೂ ಕೆಂಪು ದೀಪ ಹತ್ತಿತು. ಗುನುಗು ನಿಂತು, ನೂರು ಹೆಂಗಸರು ಒಟ್ಟಿಗೆ ಗದರಿದ ಹಾಗೆ ಒಂದು ಕೂಗು ಎದ್ದು ಬೀದಿಯವರೆಗೂ ಹೋಯಿತು.

ಮ್ಯಾನೇಜರರು ಓಡಿಬಂದರು, ಟಿಕೆಟ್ ಅಕ್ಕ ಓಡಿಬಂದಳು, ಬೀದಿಯಲ್ಲಿ ಹೋಗುತ್ತಿದ್ದವರಲ್ಲಿ ಕೆಲವರು ಟಿಕೆಟ್ ಇಲ್ಲದೆಯೇ ಓಡಿಬಂದರು. ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತಿದ್ದ ಕಂಬಣ್ಣನನ್ನು ಎಲ್ಲರೂ ನೋಡಿದರು. ಸಿಂಹಾಸನದ ಮೇಲೆ ಯಾರಾದರೂ ಕೂತರೆ ಊರು ಎಚ್ಚರಿಕೆ ಕೂಗುವ ಹಾಗೆ ಕಲಾವಿದೆ ತಂತಿ ಹಾಕಿಸಿದ್ದಳಂತೆ.

“ತಂತಿ ಹಾಕಿದ್ದು ನಾನೇ,” ಎಂದರು ದೀಪದ ಮಾವ ತಲೆ ಕೆರೆದುಕೊಳ್ಳುತ್ತ. “ಹೇಳೋಕೆ ಮರೆತೆ.”

ಇನ್ನೊಂದು ಸಲ ಇಂಥದ್ದು ನಡೆದರೆ ನಿನ್ನ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಬೇಕಾಗುತ್ತದೆ ಎಂದು ಮ್ಯಾನೇಜರರು ಅದೇ ಮೃದು ದನಿಯಲ್ಲಿ ಹೇಳಿ ಹೋದರು. ಸ್ಟೂಲು ಹೋಗಿತ್ತು, ಈಗ ನಿಲ್ಲುವ ಜಾಗವೂ ಹೋಗುವ ಹಾಗಾಯಿತು. ಕಂಬಣ್ಣ ಬೂಟು ಹಾಕಿಕೊಂಡು ಕಂಬಕ್ಕೆ ಬೆನ್ನು ಕೊಟ್ಟು, ಇನ್ನು ಸಂಜೆಯವರೆಗೆ ಉಸಿರಾಡುವುದನ್ನೂ ಕೇಳಿಯೇ ಮಾಡಬೇಕು ಎಂದು ನಿರ್ಧರಿಸಿದ.

ಮಧ್ಯಾಹ್ನದ ಊಟದ ಬಿಡುವಿಗೆ ಅವನು ಎಣಿಸದಿದ್ದ ಜನ ಬಂದರು. ಬೀದಿಯ ಆಚೆ ಬದಿಗೆ ಹಾಸಿಗೆ, ದಿಂಬು, ಹೊದಿಕೆ ಮಾರುವ ದೊಡ್ಡ ಅಂಗಡಿಯೊಂದಿತ್ತು. ಅಲ್ಲಿ ಮಾರಾಟಕ್ಕೆ ನಿಲ್ಲುವ ಹೆಂಗಸರೆಲ್ಲ ಗುಂಪಾಗಿ ಒಳಗೆ ಬಂದರು. ಮುಂದೆ ಅವರೊಳಗೆ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು. ಕೊನೆಯಲ್ಲಿ ಕಂಬಣ್ಣನ ಹೆಂಡತಿ.

ಅವನು ಕಣ್ಣಲ್ಲೇ ಏನು ಎಂದು ಕೇಳಿದ. ಅವಳು ಕಣ್ಣಲ್ಲೇ ಸುಮ್ಮನಿರಿ ಎಂದಳು. ಟಿಕೆಟ್ ಅಕ್ಕ ಬೆಳಿಗ್ಗೆಯೇ ಅವರಿಗೆ ಸುದ್ದಿ ಮುಟ್ಟಿಸಿದ್ದಳು. ಹೆಂಗಸರಿಗೆ ಟಿಕೆಟ್ ಇಲ್ಲ, ದಪ್ಪ ಮೆತ್ತೆ ಇದೆ, ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸುವುದಿಲ್ಲ ಎಂದು. ಕಲೆಯ ಬಗ್ಗೆ ಅವಳು ಏನೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹೆಂಗಸರು ಚಪ್ಪಲಿ ಕಳಚಿ, ಊರನ್ನು ಒಮ್ಮೆ ನೋಡಿ, ಚೆನ್ನಾಗಿದೆ ಎಂದು ಮೆತ್ತೆಗಳ ಮೇಲೆ ಕುಳಿತರು. ಕೂತ ಕೂಡಲೇ ದೊಡ್ಡಕ್ಕನ ಕತ್ತು ವಾಲಿತು. ಆಮೇಲೆ ಒಬ್ಬೊಬ್ಬರದಾಗಿ ಎಲ್ಲರ ಕತ್ತೂ. ಗುನುಗಿನ ಜೊತೆಗೆ ಸಣ್ಣ ಗೊರಕೆಯೊಂದು ಸೇರಿಕೊಂಡು ಶ್ರುತಿ ಹಿಡಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಲಾವಿದೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನೋಡಿ,” ಎಂದು ಮ್ಯಾನೇಜರರಿಗೆ ಪಿಸುಗುಟ್ಟಿದಳು, “ಎಲ್ಲರೂ ಕಣ್ಣು ಮುಚ್ಚಿ ಆ ಊರನ್ನೇ ಕಾಣ್ತಿದ್ದಾರೆ.”

ಕಂಬಣ್ಣನ ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು. ಬಾಯಿ ಸ್ವಲ್ಪ ತೆರೆದುಕೊಂಡು, ಕೈಗಳನ್ನು ಮಡಿಲಲ್ಲಿ ಬಿಟ್ಟು ಅವಳು ಮಲಗಿದ್ದಳು. ಹಗಲು ಬೆಳಕಿನಲ್ಲಿ ಅವಳು ನಿದ್ದೆ ಮಾಡುವುದನ್ನು ಅವನು ನೋಡಿದ್ದು ಅದೇ ಮೊದಲು. ಹಾಸಿಗೆಗಳ ನಡುವೆಯೇ ಕೆಲಸ ಮಾಡುವವಳಿಗೆ ಇಷ್ಟೊಂದು ನಿದ್ದೆ ಹೇಗೆ ಬಾಕಿ ಉಳಿಯಿತು ಎಂದು ಅವನಿಗೆ ಆಶ್ಚರ್ಯವಾಯಿತು. ತನ್ನ ಕಾಲು ನೋವಿನ ದೂರು ಹೇಳಿಕೊಳ್ಳುವಾಗಲೆಲ್ಲ ಕೊನೆಗೆ ‘ನಿನಗೇನು ಬಿಡು, ಹಾಸಿಗೆ ಅಂಗಡಿ’ ಎನ್ನುವುದು ಅವನ ರೂಢಿಯಾಗಿತ್ತು.

ನಿದ್ದೆ ಅಂಟುರೋಗ. ನೋಡುತ್ತ ನೋಡುತ್ತ ಅವನ ರೆಪ್ಪೆಯೂ ಇಳಿಯಿತು. ಕಂಬ ಮೆತ್ತಗಾಯಿತು. ಊರಿನ ಮನೆಗಳು ಬೆಳೆಯತೊಡಗಿದವು, ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ. ಅವನು ಒದ್ದೆ ಬಟ್ಟೆಯ ವಾಸನೆಯ ಬೀದಿಯಲ್ಲಿ ನಡೆಯುತ್ತಿದ್ದ. ಬಸ್ಸು ಓಡಿಸುವವಳು ನಿಲ್ಲಿಸಿ, ಬರ್ತೀರಾ ಅಣ್ಣ ಎಂದಳು. ಇಲ್ಲಮ್ಮ, ಸುಮ್ಮನೆ ನಡೀತೀನಿ ಎಂದ. ಕಾಲು ನೋಯುತ್ತಿರಲಿಲ್ಲ. ಕಾಲುವೆಯ ಬದಿಯಲ್ಲಿ ಊರಿನ ಮುಖ್ಯಸ್ಥೆ ಕೆಸರು ಕೈ ಒರೆಸಿಕೊಂಡು ಎದ್ದು ಬಂದಳು. ಅವಳ ಮುಖ ಎಲ್ಲೋ ನೋಡಿದ್ದು, ಬಹಳ ಹತ್ತಿರದ್ದು, ಆದರೆ ಯಾರದೆಂದು ಹೊಳೆಯಲಿಲ್ಲ.

“ದಣಿದಿದ್ದೀರಿ,” ಎಂದಳು ಅವಳು. “ಕೂತ್ಕೊಳ್ಳಿ. ಇಲ್ಲಿ ಕೂರೋಕೆ ಯಾರನ್ನೂ ಕೇಳಬೇಕಾಗಿಲ್ಲ.”

ಎಂಥ ಮಾತು. ಕಂಬಣ್ಣ ತಿರುಗಿ ನೋಡಿದ. ಹಿಂದೆ ಹಸಿರು ಹುಲ್ಲಿನ ದಿಬ್ಬವೊಂದಿತ್ತು. ಎರಡು ಹೆಜ್ಜೆ ನಡೆದು, ಮೊಣಕಾಲು ಮಡಚಿ, ನಿಧಾನವಾಗಿ, ಮನಸಾರೆ ಕುಳಿತ.

ಗುಡ್ಡ ಕುಸಿದ ಸದ್ದಿಗೆ ಇಡೀ ಸಭೆ ಎಚ್ಚರಾಯಿತು. ನಕ್ಷತ್ರ ನೋಡುವ ಗೋಪುರ ಚಪ್ಪಟೆಯಾಗಿತ್ತು, ಅದರ ಮೇಲೆ ಕಂಬಣ್ಣ ಕಾಲು ಚಾಚಿ, ಮುಖದಲ್ಲಿ ಇನ್ನೂ ಆರದ ನಗೆಯೊಂದಿಗೆ ಕೂತಿದ್ದ. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಮ್ಯಾನೇಜರರು.

ಮ್ಯಾನೇಜರರ ದನಿ ಮೊದಲ ಬಾರಿಗೆ ಮೃದುವಾಗಿರಲಿಲ್ಲ. ಈಗಲೇ ಸಮವಸ್ತ್ರ ಬಿಚ್ಚಿಡು ಎನ್ನುವಷ್ಟರಲ್ಲಿ ಕಲಾವಿದೆ ಅವರ ತೋಳು ಹಿಡಿದಳು. ಅವಳಿಗೆ ಕೋಪ ಬಂದಿರಲಿಲ್ಲ. ಗುಡ್ಡ ನಾಳೆಯ ಊರಿನದು, ಅಪರಾಧ ನಡೆದದ್ದೂ ನಾಳೆಯ ಊರಿನಲ್ಲಿ, ಹಾಗಾದರೆ ಶಿಕ್ಷೆ ಕೊಡಬೇಕಾದವರು ಯಾರು ಎಂದು ಕೇಳಿ, ಮೆತ್ತೆಗಳ ಕಡೆ ಕೈ ತೋರಿಸಿದಳು. ಮ್ಯಾನೇಜರರು ಬೇರೆ ದಾರಿ ಕಾಣದೆ ತಲೆಯಾಡಿಸಿದರು.

ಹೆಂಗಸರು ಕಣ್ಣುಜ್ಜಿಕೊಂಡು ನೆಟ್ಟಗೆ ಕೂತರು. ತಾವು ಊರಿನ ಹಿರಿಯರು ಎಂಬ ಸಂಗತಿ ಅವರಿಗೆ ಗೊತ್ತಾದದ್ದೇ ಆಗ. ದೊಡ್ಡಕ್ಕನಿಗೆ ಅದು ಕೂಡಲೇ ಒಪ್ಪಿಗೆಯಾಯಿತು. ಸೀರಿಯಸ್ಸಾಗಿ ಗಂಟಲು ಸರಿಪಡಿಸಿಕೊಂಡು, ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದಳು.

ಕಂಬಣ್ಣ ಹೆಂಡತಿಯ ಕಡೆ ನೋಡಿದ. ತನ್ನವಳೂ ಹಿರಿಯರಲ್ಲಿ ಒಬ್ಬಳು, ಇನ್ನೇನು ಭಯ ಎಂದು ಧೈರ್ಯ ಬಂತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡ. ಆ ಸ್ಟೂಲು ಯಾವ ಸಿಂಹಾಸನವೂ ಅಲ್ಲ, ತನ್ನ ಜೀವ ಎಂದ. ದಿನವಿಡೀ ನಿಂತರೆ ಅಂಗಾಲಿನಿಂದ ಸೊಂಟದವರೆಗೆ ನೋವು ಹೇಗೆ ಮೆಟ್ಟಿಲು ಹತ್ತುತ್ತದೆ ಎಂದು ವಿವರಿಸಿದ. ಮನುಷ್ಯನಿಗೆ ಎರಡು ನಿಮಿಷ ಕೂರುವುದಕ್ಕೆ ಒಂದು ಜಾಗ ಬೇಕು, ಅಷ್ಟನ್ನೂ ಕಿತ್ತುಕೊಂಡರೆ ನಾಳೆಯ ಊರು ಕಟ್ಟಿ ಏನು ಪ್ರಯೋಜನ ಎಂದು ಕೇಳಿದ. ಅಷ್ಟು ಮಾತು ಅವನಿಂದ ಬಂದೀತೆಂದು ಅವನಿಗೇ ಗೊತ್ತಿರಲಿಲ್ಲ. ಟಿಕೆಟ್ ಅಕ್ಕ ಕಣ್ಣು ಒರೆಸಿಕೊಂಡಳು. ಹಾಸಿಗೆ ಅಂಗಡಿಯ ಹೆಂಗಸರಂತೂ ಒಂದೊಂದು ಮಾತಿಗೂ ತಲೆದೂಗಿದರು. ಮೆಟ್ಟಿಲು ಹತ್ತುವ ನೋವಿನ ವಿಷಯ ಬಂದಾಗ ಒಬ್ಬಳು ಹೌದೌದು, ಮೊದಲು ಹಿಮ್ಮಡಿಗೆ ಬರುತ್ತದೆ ಎಂದು ತಿದ್ದಿದಳು.

ಆಗ ಹೆಂಡತಿ ಕೈಯೆತ್ತಿದಳು.

“ಇವರು ನನ್ ಗಂಡ. ನಾನು ತೀರ್ಪು ಹೇಳಲ್ಲ. ಒಂದೇ ಒಂದು ಪ್ರಶ್ನೆ ಕೇಳ್ತೀನಿ,” ಎಂದು ಅವನ ಕಡೆ ತಿರುಗಿದಳು. “ಅಲ್ಲರೀ, ನಾನು ಅಂಗಡೀಲಿ ಇಡೀ ದಿನ ಏನ್ ಮಾಡ್ತಿರ್ತೀನಿ ಅಂದ್ಕೊಂಡಿದ್ದೀರಿ?”

“ಹಾಸಿಗೆ ಮಾರ್ತೀಯ,” ಎಂದ ಕಂಬಣ್ಣ.

“ಎಲ್ಲಿ ಕೂತ್ಕೊಂಡು?”

“ಎಲ್ಲಾದರೂ. ಅಷ್ಟೊಂದು ಹಾಸಿಗೆ ಇದೆಯಲ್ಲ.”

ಮೊದಲು ಯಾರೂ ನಗಲಿಲ್ಲ. ಆಮೇಲೆ ದೊಡ್ಡಕ್ಕನ ಹೊಟ್ಟೆ ಕುಲುಕತೊಡಗಿತು. ಅಲ್ಲಿಂದ ನಗು ಮೆತ್ತೆಯಿಂದ ಮೆತ್ತೆಗೆ ಹರಡಿ, ಬಟ್ಟೆಯ ಮೋಡಗಳು ಅಲ್ಲಾಡುವವರೆಗೂ ಹೋಯಿತು. ಹೆಂಡತಿ ಮಾತ್ರ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಇವರಿಗೆ ನಿಜವಾಗಿಯೂ ಗೊತ್ತಿರಲಿಲ್ಲವಲ್ಲ ಎಂಬಂತೆ.

ನಗು ಇಳಿದ ಮೇಲೆ ದೊಡ್ಡಕ್ಕ ವಿಷಯ ಬಿಡಿಸಿ ಹೇಳಿದಳು. ಹಾಸಿಗೆ ಮಾರುವ ಸರಕು, ಅದರ ಮೇಲೆ ಗಿರಾಕಿ ಮಲಗಿ ನೋಡಬಹುದು, ಹೊರಳಿ ನೋಡಬಹುದು. ಮಾರುವವರು ಬೆರಳು ಊರಿದರೂ ಧಣಿ ಕೆಮ್ಮುತ್ತಾರೆ. ಕುರ್ಚಿ ಇಟ್ಟರೆ ಕೆಲಸದವರಿಗೆ ಸೋಮಾರಿತನ ಬರುತ್ತದೆಂದು ಅಂಗಡಿಯಲ್ಲಿ ಒಂದು ಕುರ್ಚಿಯೂ ಇಲ್ಲ, ಧಣಿಯದೊಂದನ್ನು ಬಿಟ್ಟರೆ. ಬೆಳಿಗ್ಗೆ ನಿಂತವರು ಸಂಜೆಯವರೆಗೂ ನಿಂತೇ ಇರುತ್ತಾರೆ. ಆಮೇಲೆ ಮನೆಗೆ ಹೋಗಿ ಒಲೆಯ ಮುಂದೆ ನಿಲ್ಲುತ್ತಾರೆ.

ಕಂಬಣ್ಣನಿಗೆ ನಾಚಿಕೆಯಾಯಿತು. ಸುಮ್ಮನೆ ಹೇಳುವ ನಾಚಿಕೆಯಲ್ಲ, ಕಿವಿ ಬಿಸಿಯಾಗುವ ನಾಚಿಕೆ. ಸಂಜೆ ತಾನು ಮನೆಗೆ ಹೋಗಿ ಕುರ್ಚಿಯಲ್ಲಿ ಕುಸಿದು, ಉಸ್ಸಪ್ಪಾ ಎಂದು ಕಾಲು ಚಾಚಿದಾಗ, ಬಿಸಿನೀರು ತಂದು ಕಾಲ ಬಳಿ ಇಡುತ್ತಿದ್ದವಳ ಕಾಲನ್ನು ಒಂದು ದಿನವೂ ನೋಡಿರಲಿಲ್ಲ. ಅವಳು ಹೇಳಿರಲಿಲ್ಲ, ನಿಜ. ತಾನು ಹೇಳುವುದನ್ನು ನಿಲ್ಲಿಸಿದ್ದರಲ್ಲವೇ ಅವಳು ಹೇಳುವುದು.

ಸಭೆ ತಲೆಗೆ ತಲೆ ಹಚ್ಚಿ ಮಾತಾಡಿಕೊಂಡಿತು. ಆಮೇಲೆ ದೊಡ್ಡಕ್ಕ ತೀರ್ಪು ಹೇಳಿದಳು.

“ನಿದ್ದೆ ತಡೀಲಾರದೆ ಬಿದ್ದವನಿಗೆ ನಮ್ಮೂರಲ್ಲಿ ಶಿಕ್ಷೆ ಇಲ್ಲ. ಗುಡ್ಡ ಇನ್ನೊಂದು ಕಟ್ಟಿದರಾಯ್ತು. ಇನ್ನು ಸ್ಟೂಲಿನ ವಿಷಯ. ಈಯಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ನಿಂತು ದುಡಿಯೋರಿಗೆ ಕೂರೋಕೆ ಒಂದು ಜಾಗ ಬೇಕೇ ಬೇಕು. ಅದನ್ನ ಚೆಂದಕ್ಕೆ ಇಟ್ಟು ದೀಪ ಹಾಕೋದು ತಪ್ಪು.”

ಕಂಬಣ್ಣನಿಗೆ ಎದೆ ತುಂಬಿ ಬಂತು. ಹೆಂಗಸರ ಆಳ್ವಿಕೆ ಎಂದರೆ ಹೀಗಿರಬೇಕು ಎಂದುಕೊಂಡ. ಕಟ್ಟೆಯ ಬಳಿ ಹೋಗಿ ಸ್ಟೂಲಿಗೆ ಕೈ ಹಾಕಿಯೇಬಿಟ್ಟ.

“ಹಾಗಾಗಿ,” ಎಂದು ದೊಡ್ಡಕ್ಕ ಮುಂದುವರಿಸಿದಳು, “ಸ್ಟೂಲು ನಮ್ಮ ಅಂಗಡಿಗೆ ಹೋಗಲಿ. ಇವನಿಗೆ ಒರಗೋಕೆ ಕಂಬ ಆದ್ರೂ ಇದೆ. ನಮಗೆ ಅದೂ ಇಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಕಂಬಣ್ಣ ಹೆಂಡತಿಯ ಮುಖ ನೋಡಿದ. ಅವಳು ತೀರ್ಪು ಹೇಳಿರಲಿಲ್ಲ, ಆದರೆ ತೀರ್ಪು ಬೇಡ ಎಂದೂ ಹೇಳಲಿಲ್ಲ. ಕಲಾವಿದೆ ಅಳುತ್ತಿದ್ದಳು. ರಟ್ಟು ಊರಾಯಿತು, ಇಷ್ಟು ವರ್ಷದಲ್ಲಿ ತಾನು ಮಾಡಿದ ಒಂದು ಕೃತಿ ಎದ್ದು ನಡೆಯಿತು ಎನ್ನುತ್ತಿದ್ದಳು. ತೀರ್ಮಾನ ಅಂದೇ ನಡೆಯಬೇಕಲ್ಲ. ಸ್ಟೂಲು ಹೊರುವವರು ಯಾರು ಎಂದಾಗ, ಅದರ ಹದ ಬಲ್ಲವನೇ ಹೊರಲಿ ಎಂದು ದೀಪದ ಮಾವ ಸಲಹೆ ಕೊಟ್ಟರು. ಮಾವ ತಂತಿಯನ್ನು ಬಹಳ ಜಾಗ್ರತೆಯಿಂದ ಕಳಚಿದರು.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಕಲಾವಿದೆ, ಅವಳ ಹಿಂದೆ ತಲೆಯ ಮೇಲೆ ಸ್ಟೂಲು ಹೊತ್ತ ಕಂಬಣ್ಣ, ಅವನ ಹಿಂದೆ ಹೆಂಗಸರು, ಕಿಟಕಿ ಮುಚ್ಚಿ ಬಂದ ಟಿಕೆಟ್ ಅಕ್ಕ, ಬೇರೆ ಉಪಾಯವಿಲ್ಲದೆ ಬಂದ ಮ್ಯಾನೇಜರರು. ಬೀದಿಯಲ್ಲಿ ಗಾಡಿಗಳು ನಿಂತವು. ಹಾಸಿಗೆ ಅಂಗಡಿಯ ಜಾಹೀರಾತು ಇರಬೇಕೆಂದು ಹತ್ತಿಪ್ಪತ್ತು ಜನ ಹಿಂದೆ ಸೇರಿಕೊಂಡರು. ಮಧ್ಯಾಹ್ನದ ಬಿಸಿಲಿನಲ್ಲಿ, ಗುನುಗನ್ನು ಇನ್ನೂ ಕಿವಿಯಲ್ಲಿ ಇಟ್ಟುಕೊಂಡ ಹೆಂಗಸರು ಅದನ್ನೇ ಮೆಲ್ಲಗೆ ಹಾಡತೊಡಗಿದರು. ಒಂದು ಕ್ಷಣ ಕಂಬಣ್ಣನಿಗೆ ತಾನು ಯಾವ ಊರಿನಲ್ಲಿದ್ದೇನೆಂದು ತಿಳಿಯಲಿಲ್ಲ.

ಅಂಗಡಿಯ ಧಣಿ ಬಾಗಿಲಿಗೆ ಬಂದರು. ಇಷ್ಟು ಜನರನ್ನು ಕಂಡು ಮೊದಲು ಸಂತೋಷಪಟ್ಟು, ವಿಷಯ ತಿಳಿದು ಬೆವೆತರು. ಆದರೆ ಕಲಾವಿದೆ ಅವರ ಕೈಗಳನ್ನು ಹಿಡಿದುಕೊಂಡು, ನಾಳೆಯ ಊರಿನ ಮೊದಲ ಪ್ರಜೆ ನೀವು ಎಂದಳು. ಅಷ್ಟು ಜನರ ಮುಂದೆ ಇಲ್ಲವೆನ್ನಲು ಅವರಿಗೂ ಬಾಯಿ ಬರಲಿಲ್ಲ. ಆದರೂ ವ್ಯಾಪಾರಸ್ಥರು, ಒಂದು ಎಳೆ ಹಿಡಿದರು.

“ಸ್ಟೂಲು ಇರಲಿ, ಬೇಡ ಅನ್ನಲ್ಲ. ಒಬ್ಬಳು ಕೂತ್ರೆ ಅವಳ ಜಾಗದಲ್ಲಿ ನಿಲ್ಲೋರು ಯಾರು?”

ಎಲ್ಲರೂ ಒಂದೇ ಕಡೆ ತಿರುಗಿದರು. ಕಂಬಣ್ಣ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡ.

“ಗ್ಯಾಲರಿಗೆ ಕಾವಲು?” ಎಂದ ಅವನು, ಒಂದು ಹುಲ್ಲುಕಡ್ಡಿ ಹಿಡಿದುಕೊಂಡಂತೆ.

ನಾಳೆಯ ಊರಿಗೆ ಕಾವಲು ಬೇಡ ಎಂದಳು ಕಲಾವಿದೆ. ಸಿಂಹಾಸನವೇ ಹೋದ ಮೇಲೆ ಅಲ್ಲಿ ‘ಮುಟ್ಟಬೇಡಿ’ ಎನ್ನುವವರು ಯಾಕೆ, ಮುಟ್ಟಲಿ ಎಂದಳು. ಮ್ಯಾನೇಜರರ ಮುಖ ಅರಳಿತು. ಗ್ಯಾಲರಿಗಳು ಚಿತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎರವಲು ಕೊಡುವುದುಂಟು. ಅದೇ ಪದ್ಧತಿಯಲ್ಲಿ, ಪ್ರದರ್ಶನ ಮುಗಿಯುವವರೆಗೆ ಕಂಬಣ್ಣನನ್ನು ಹಾಸಿಗೆ ಅಂಗಡಿಗೆ ಎರವಲು ಕೊಡುತ್ತೇವೆ, ಸಂಬಳ ನಮ್ಮದೇ ಎಂದರು. ಬಿಟ್ಟಿ ಆಳು ಸಿಕ್ಕಿದ್ದಕ್ಕೆ ಧಣಿ ನಾಳೆಯ ಊರನ್ನು ಮನಸ್ಸಿನಲ್ಲೇ ಹರಸಿದರು.

ಮೊದಲ ಸರದಿ ಕಂಬಣ್ಣನ ಹೆಂಡತಿಗೆ ಬಂತು. ಅವಳು ಬೇಡ ಬೇಡ ಎನ್ನುತ್ತ ಕುಳಿತಳು. ಬೆನ್ನ ಹಿಂದಿನ ದಿಂಬುಗಳ ರಾಶಿಗೆ ತಲೆ ತಾಗಿದ್ದೇ ತಡ, ಕಣ್ಣು ಮುಚ್ಚಿದಳು. ಧಣಿ ಕೆಮ್ಮಲು ಹೋಗಿ, ಬಾಗಿಲಲ್ಲಿ ನಿಂತ ಜನರನ್ನು ನೋಡಿ ನುಂಗಿಕೊಂಡರು. ಅವಳ ಜಾಗದಲ್ಲಿ ನಿಂತ ಕಂಬಣ್ಣ ಅವಳನ್ನೇ ನೋಡಿದ. ಹಾಗೆ ಕಣ್ಣು ಮುಚ್ಚಿದಾಗ ಅವಳ ಹಣೆಯ ಗೆರೆಗಳು ಒಂದೊಂದಾಗಿ ಅಳಿಸಿಹೋದವು. ಕನಸಿನಲ್ಲಿ ಕೆಸರು ಕೈ ಒರೆಸಿಕೊಂಡು ಬಂದವಳು ಯಾರೆಂದು ಅವನಿಗೆ ಆಗ ಹೊಳೆಯಿತು. ಸ್ಟೂಲು ಹೋದದ್ದಕ್ಕೆ ಆ ಗಳಿಗೆಯಲ್ಲಿ ಅವನಿಗೆ ಒಂಚೂರೂ ದುಃಖವಿರಲಿಲ್ಲ.

ದುಃಖ ಬಂದದ್ದು ಅವಳ ಸರದಿ ಮುಗಿದು ದೊಡ್ಡಕ್ಕ ಕೂತಾಗ. ಹೆಂಡತಿ ಎದ್ದಳಲ್ಲ, ಇನ್ನು ತಾನು ಹೊರಡಬಹುದೆಂದು ಅವನು ತಿಳಿದಿದ್ದ. ಧಣಿ ಅವನನ್ನು ದೊಡ್ಡಕ್ಕನ ಜಾಗಕ್ಕೆ ಕಳಿಸಿದರು. ಆಮೇಲೆ ಹೊದಿಕೆಯ ಕಡೆಯವಳ ಜಾಗಕ್ಕೆ. ಆಮೇಲೆ ದಿಂಬಿನ ಕಡೆ. ಕೂರುವವರು ಬದಲಾಗುತ್ತಿದ್ದರು, ನಿಲ್ಲುವವನು ಒಬ್ಬನೇ. ಸುತ್ತು ಮುಗಿಯುವ ಹೊತ್ತಿಗೆ ಮತ್ತೆ ಮೊದಲಿನಿಂದ. ಒರಗೋಣವೆಂದರೆ ಸುತ್ತಲೂ ಹಾಸಿಗೆ, ಹಾಸಿಗೆಯ ಆಚೆ ಧಣಿಯ ಕಣ್ಣು.

ಸಂಜೆಯಾಗುತ್ತಿತ್ತು. ಪಕ್ಕದಲ್ಲಿ ಹೊದಿಕೆ ಮಡಚುತ್ತ ನಿಂತ ಹೆಂಡತಿ ಅವನ ಕಾಲುಗಳನ್ನು ನೋಡಿದಳು.

“ಭಾರ ಎಲ್ಲ ಎರಡೂ ಕಾಲಿಗೆ ಒಟ್ಟಿಗೆ ಹಾಕಬೇಡಿ,” ಎಂದಳು ಮೆಲ್ಲಗೆ. “ಸ್ವಲ್ಪ ಹೊತ್ತು ಇದು, ಸ್ವಲ್ಪ ಹೊತ್ತು ಅದು. ಹಾಗೆ ಸಂಜೆ ಮಾಡಬೇಕು.”

ಅವನು ಹಾಗೆಯೇ ಮಾಡಿದ. ಸ್ವಲ್ಪ ಹಿತವಾಯಿತು. ಇಷ್ಟು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ನಿಂತು ಒಂದು ಸಂಜೆ ಕಳೆದದ್ದೇ ಇಲ್ಲ ಎಂದು ಅವನಿಗೆ ನೆನಪಾಯಿತು. ಅದನ್ನು ಹೇಳಬೇಕೆಂದುಕೊಂಡವನ ಬಾಯಿಂದ ಬಂದದ್ದು ಬೇರೆ ಮಾತು.

“ಅಲ್ಲ ಕಣೇ, ನನ್ನ ಸರದಿ ಯಾವಾಗ?”

ಹೆಂಡತಿಗೂ ಅದು ನ್ಯಾಯವೆನ್ನಿಸಿತು. ಸ್ಟೂಲಿನ ಬಳಿ ಹೋಗಿ ದೊಡ್ಡಕ್ಕನ ಕಿವಿಯಲ್ಲಿ ಕೇಳಿದಳು. ದೊಡ್ಡಕ್ಕ ಕಣ್ಣು ಮುಚ್ಚಿಯೇ ಇನ್ನೊಬ್ಬಳನ್ನು ಕರೆದಳು, ಅವಳು ಮತ್ತೊಬ್ಬಳನ್ನು. ಸಭೆ ಬಹಳ ಹೊತ್ತು ಕನಿಕರದಿಂದ ಚರ್ಚೆ ಮಾಡಿತು. ಹೆಂಡತಿ ಹಿಂತಿರುಗಿ ಬಂದು, ಅವನ ಮುಖ ನೋಡಲಾರದೆ, ಹೊದಿಕೆಯ ಅಂಚನ್ನು ಸರಿಮಾಡಿದಳು.

“ಎರವಲು ತಂದಿದ್ದಕ್ಕೆ ಸರದಿ ಇಲ್ವಂತೆ ರೀ.”

ಗಿರಾಕಿಯೊಬ್ಬರು ಒಳಗೆ ಬಂದು, ಅತ್ಯಂತ ಮೆತ್ತನೆಯ ಹಾಸಿಗೆ ಯಾವುದು ಎಂದು ಕೇಳಿದರು. ಕಂಬಣ್ಣ ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸಿ, ಮಲಗಿ ನೋಡಿ ಸಾರ್ ಎಂದ.